ಕುದಿಸಿದ ಸ್ಪಂಜು

ಹೆರ್ನೆ, ೯ ಸೆಪ್ಟೆಂಬರ್ ೧೯೭೯

ಪ್ರೀತಿಯ ಮಾರ್ಲಿಸ್,

ಈ ಕಾಗದ ನಿನಗೆ ತಲುಪುತ್ತದೋ ಇಲ್ಲವೋ. ಅಪ್ಪನ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಕಾರ್ಡಿನ ಮೂಲೆಯಲ್ಲಿದ್ದ ವಿಳಾಸ ನೋಡಿ ಬರೆದಿದ್ದೇನೆ. ಕೀಲ್ ಊರಿನವರು ಬೀದಿಗೆ ಇಷ್ಟುದ್ದ ಹೆಸರು ಯಾಕಾದರೂ ಇಡುತ್ತಾರೋ, ಮೂರು ಲಕೋಟೆ ಹಾಳಾದವು. ಐದನೇ ತರಗತಿಯಲ್ಲಿದ್ದಾಗ ಬಾಂಬು ಬಿದ್ದು ನನ್ನ ಶಾಲೆ ನಿಂತೇ ಹೋದದ್ದು ನಿನಗೆ ಗೊತ್ತಿದೆ. ತಪ್ಪು ಕಂಡಲ್ಲಿ ದಾಟಿಕೊಂಡು ಓದು.

ನೀನು ಚೆನ್ನಾಗಿದ್ದೀಯಾ? ಅಲ್ಲಿ ಗಾಳಿ ಜಾಸ್ತಿಯಂತೆ. ಹಸಿರು ಉಣ್ಣೆಯ ಮಫ್ಲರ್ ಇಲ್ಲೇ ಉಳಿದಿದೆ. ಕಳಿಸಲೇ ಎಂದು ಕೇಳಬೇಕೆಂದಿದ್ದೆ. ಕೇಳಬೇಡ ಎಂದು ಅಪ್ಪ ಅಂದ. ಆದ್ದರಿಂದ ಕೇಳುತ್ತಿಲ್ಲ.

ಇಲ್ಲಿ ಒಂದು ಹೊಸ ಸಮಾಚಾರ ಇದೆ. ಗಣಿಯಲ್ಲಿ ಅಪ್ಪನ ಜೊತೆಗಿದ್ದ ಮುದುಕ ಶೂರ್ಮನ್ ನಿನಗೆ ನೆನಪಿರಬೇಕು, ಮೀನು ಸಾಕುವವರ ಸಂಘದವನು. ಅವನ ನೆಲಮಾಳಿಗೆಯಲ್ಲಿ ಹದಿನಾಲ್ಕು ತೊಟ್ಟಿಗಳಿದ್ದವು, ನೀನು ಅಲ್ಲಿಂದ ಹೊರಡುವುದೇ ಇಲ್ಲ ಎಂದು ಹಟ ಹಿಡಿಯುತ್ತಿದ್ದೆ. ಅವನ ಮೊಣಕಾಲು ಈಗ ಪೂರ್ತಿ ಹೋಗಿದೆ, ಮೆಟ್ಟಿಲು ಇಳಿಯಲಾರ. ಒಂದೊಂದಾಗಿ ಎಲ್ಲವನ್ನೂ ಕೊಟ್ಟುಬಿಡುತ್ತಿದ್ದಾನೆ. ನೂರು ಲೀಟರಿನ ಒಂದು ತೊಟ್ಟಿ ನಮ್ಮ ಮನೆಗೆ ಬಂದಿದೆ. ನಾನೇ ಕೇಳಿದ್ದು.

ಅಪ್ಪ ನಕ್ಕ. "ಆ ಹುಡುಗಿ ಎಂಟು ವರ್ಷ ಗೋಗರೆದ್ಲು, ಆಗ ನೀರು ಸೋರುತ್ತೆ, ಕರೆಂಟು ಹೊಡಿಯುತ್ತೆ, ಮನೆ ಬೀಳುತ್ತೆ ಅಂದೆ. ಈಗ ಅವಳು ಹೋದ್ಮೇಲೆ ತೊಟ್ಟಿ ಇಡ್ತೀಯಾ? ನಿನ್ನ ಲೆಕ್ಕಾನೇ ಬೇರೆ ಕಣೇ."

ತೊಟ್ಟಿಯನ್ನು ನಿನ್ನ ಕೋಣೆಯಲ್ಲಿ ಇಡುತ್ತಿದ್ದೇವೆ. ಬೇರೆ ಕಾರಣವೇನಿಲ್ಲ, ಹಜಾರದಲ್ಲಿ ಬಿಸಿಲು ಬೀಳುತ್ತದೆ, ಪಾಚಿ ಕಟ್ಟುತ್ತದಂತೆ. ನಿನ್ನ ಸಾಮಾನು ಯಾವುದನ್ನೂ ಮುಟ್ಟಿಲ್ಲ. ಧೂಳು ಒರೆಸಿದ್ದೇನೆ, ಅಷ್ಟೇ. ಪರದೆ ಒಗೆದಿದ್ದೇನೆ. ಕಪಾಟಿನ ಮೇಲೂ ಒಂದು ಸಲ ಒರೆಸಿದೆ.

ಬೋಹುಮ್ ಆಸ್ಪತ್ರೆಯ ವಿಷಯ ಎತ್ತುವುದಿಲ್ಲ. ಕ್ರಿಸ್‌ಮಸ್ಸಿಗೆ ಬರುತ್ತೀಯಾ ಎಂದೂ ಕೇಳುವುದಿಲ್ಲ.

ನಿನ್ನ ಅಮ್ಮ

ಹೆರ್ನೆ, ೨೩ ಸೆಪ್ಟೆಂಬರ್ ೧೯೭೯

ಪ್ರೀತಿಯ ಮಾರ್ಲಿಸ್,

ನಿನ್ನೆಯೂ ಅಂಚೆಯವನು ಬಂದುಹೋದ, ನಿನ್ನದೇನೂ ಇರಲಿಲ್ಲ. ಪರವಾಗಿಲ್ಲ. ಕೆಲಸ ಇರುತ್ತದೆ.

ತೊಟ್ಟಿ ನಿಂತಿತು. ಹೇಗೆ ನಿಂತಿತು ಎಂದು ಬರೆಯಲು ಹೋದರೆ ಇಡೀ ಭಾನುವಾರ ಹೋಗುತ್ತದೆ. ಮೊದಲು ತೂಕದ ಚಿಂತೆ. ನೀರು, ಮರಳು, ಕಲ್ಲು, ಗಾಜು ಎಲ್ಲ ಸೇರಿ ಇಬ್ಬರು ದಪ್ಪ ಗಂಡಸರಷ್ಟು ತೂಕ ಎಂದು ಶೂರ್ಮನ್ ಹೇಳಿದ. ಕೆಳಗಿನ ಮನೆಯಾಕೆ ಫ್ರಾವ್ ಪಿಯೊಂಟೆಕ್‌ಳ ಮಂಚ ಸರಿಯಾಗಿ ಅದರ ಕೆಳಗೇ ಬರುತ್ತದೆ. ಸುಮ್ಮನೆ ಇರಲಾಗದೆ ಅವಳಿಗೆ ಮೊದಲೇ ಹೇಳಿಬಿಡೋಣ ಎಂದು ಇಳಿದು ಹೋದೆ.

"ಇಬ್ಬರು ಗಂಡಸರಾ?" ಅಂದಳು. "ನಮ್ಮ ಯಜಮಾನರು ತೀರಿಹೋಗಿ ಹನ್ನೆರಡು ವರ್ಷ ಆಯ್ತು. ಬಿದ್ರೆ ಬೀಳ್ಲಿ ಬಿಡು ಟ್ರಾವ್ಟ್, ಒಬ್ಬನನ್ನಾದ್ರೂ ಇಟ್ಕೋತೀನಿ."

ನೋಡು, ಹೀಗೆ ಮಾತಾಡುವವಳು. ಆದರೂ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಅಪ್ಪ ಗಣಿಯಿಂದ ದಪ್ಪ ಹಲಗೆ ತಂದು ಗೋಡೆಯ ಬುಡಕ್ಕೆ ಹಾಕಿ, ಅದರ ಮೇಲೆ ಮೇಜು ಇಟ್ಟ. "ಒಂಬೈನೂರು ಮೀಟರ್ ಕೆಳಗೆ ಬೆಟ್ಟಾನೇ ತಲೆ ಮೇಲೆ ನಿಲ್ಲಿಸ್ತೀವಿ ನಾವು. ನಿನ್ನ ಮೀನು ನಿಲ್ಲಲ್ವಾ?" ಅಂದ.

ಮರಳನ್ನು ಹದಿನೇಳು ಬಕೆಟ್ ನೀರಿನಲ್ಲಿ ತೊಳೆದೆ. ಶೂರ್ಮನ್ ಆರು ಸಾಕು ಅಂದಿದ್ದ. ಆರನೆಯದರಲ್ಲಿ ನೀರು ತಿಳಿಯಾಗಿಯೇ ಇತ್ತು, ನಿಜ. ಆದರೂ ಕಣ್ಣಿಗೆ ಕಾಣದ್ದು ಇದ್ದರೆ? ಈ ಊರಿನಲ್ಲಿ ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಮಧ್ಯಾಹ್ನಕ್ಕೆ ಮಸಿಯಾಗಿರುತ್ತದೆ, ಇದು ನಿನಗೆ ಹೊಸದಲ್ಲ.

ಆಮೇಲೆ ಉದ್ದೆಲೆಯ ಗಿಡ ನೆಟ್ಟಿದ್ದಾಯಿತು, ಗಾಳಿ ಊದುವ ಪಂಪು, ಸ್ಪಂಜಿನ ಫಿಲ್ಟರು, ಹೀಟರಿನ ಗಾಜಿನ ಕಡ್ಡಿ, ಎಲ್ಲ ಆಯಿತು. ನೀರು ತುಂಬಿ ದೀಪ ಹಾಕಿದಾಗ ನಿಜ ಹೇಳುತ್ತೇನೆ, ಬಲು ಚೆಂದ ಕಂಡಿತು. ನಾಳೆಯೇ ಮೀನು ತಂದು ಬಿಡೋಣ ಎಂದೆ.

ಶೂರ್ಮನ್ ತಲೆಯಾಡಿಸಿದ. "ನಾಲ್ಕು ವಾರ ಮೀನಿಲ್ಲ."

"ಮೀನಿಲ್ಲದೆ ಏನು ಮಾಡೋದು?"

"ಏನೂ ಮಾಡಬಾರದು. ಅದೇ ಕೆಲಸ. ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕು, ಸಾಕು."

"ಯಾರಿಗೆ?"

"ಇಲ್ಲದೇ ಇರೋರಿಗೆ."

ಅದು ನೀರಿನಲ್ಲಿ ಕೊಳೆತು, ಕಣ್ಣಿಗೆ ಕಾಣದ ಜೀವಾಣು ಹುಟ್ಟಿ, ಸ್ಪಂಜಿನಲ್ಲಿ ಮನೆ ಮಾಡುತ್ತವಂತೆ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ಇವು ತಿಂದು ತೀರಿಸುತ್ತವಂತೆ. ನನಗೆ ಅರ್ಧ ಅರ್ಥವಾಯಿತು.

ಹಾಗಾಗಿ ದಿನಾ ಬೆಳಿಗ್ಗೆ ನಿನ್ನ ಕೋಣೆಗೆ ಹೋಗಿ ಒಂದು ಚಿಟಿಕೆ ಊಟ ಹಾಕಿ ಸ್ವಲ್ಪ ಹೊತ್ತು ನಿಂತಿದ್ದು ಬರುತ್ತೇನೆ. ನಾಲ್ಕು ವಾರ ಬಹಳ ದೀರ್ಘ.

ನಿನ್ನ ಅಮ್ಮ

ಇನ್ನೊಂದು ಮಾತು. ಅಂಗಡಿಗೆ ಹೋಗುವಾಗ ಪಂಪು, ಹೀಟರು ಎರಡರ ಪ್ಲಗ್ಗನ್ನೂ ಕಿತ್ತಿಟ್ಟೇ ಹೋಗುತ್ತೇನೆ, ನೀನು ಹೆದರಬೇಡ.

ಕೀಲ್, ೩ ಅಕ್ಟೋಬರ್ ೧೯೭೯

ಅಮ್ಮ,

ಪ್ಲಗ್ ಕೀಳಬೇಡ. ಯಾವತ್ತೂ. ನೀರು ಓಡುತ್ತಿದ್ದರೆ ಮಾತ್ರ ಆ ಜೀವಾಣುಗಳಿಗೆ ಉಸಿರು. ಅಂಗಡಿಗೆ ಹೋದಾಗಲೂ ಅವು ಉಸಿರಾಡಬೇಕು.

ನಾಲ್ಕು ವಾರ ಎಂದರೆ ನಾಲ್ಕು ವಾರ. ನಡುವೆ ನೀರು ಮಬ್ಬಾಗುತ್ತದೆ, ಹಾಲು ಚೆಲ್ಲಿದ ಹಾಗೆ. ಆಗ ನಿನಗೆ ಎಲ್ಲ ಸುರಿದು ಮತ್ತೆ ತೊಳೆಯಬೇಕು ಅನ್ನಿಸುತ್ತದೆ. ತೊಳೆಯಬೇಡ, ತಾನಾಗಿ ತಿಳಿಯಾಗುತ್ತದೆ. ಮೊದಲ ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಬೇಡ. ದಿನಾ ತೊಟ್ಟಿಗೆ ಕೈ ಹಾಕಬೇಡ.

ಮಫ್ಲರ್ ಬೇಡ. ಇದೆ.

ಅಪ್ಪನಿಗೆ ನಮಸ್ಕಾರ.

ಮಾರ್ಲಿಸ್

ಹೆರ್ನೆ, ೨೮ ಅಕ್ಟೋಬರ್ ೧೯೭೯

ಪ್ರೀತಿಯ ಮಾರ್ಲಿಸ್,

ನಿನ್ನ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ, ಪಾಠದ ಹಾಗೆ. ಹಾಲು ಚೆಲ್ಲಿದ ಹಾಗೆ ಆಗುತ್ತದೆ ಎಂದು ನೀನು ಬರೆದ ಕಾಗದ ಬಂದ ಎರಡನೇ ದಿನಕ್ಕೇ ಹಾಗೆ ಆಯಿತು! ಬಕೆಟ್ಟು ಎತ್ತಿದ್ದೆ. ಗೋಡೆ ನೋಡಿದೆ. ಇಟ್ಟೆ. ಐದನೇ ದಿನ ನೀರು ಕನ್ನಡಿ. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು? ಆಸ್ಪತ್ರೆಯಲ್ಲಿ ಇದನ್ನೂ ಕಲಿಸುತ್ತಾರಾ?

ಕಳೆದ ಭಾನುವಾರ ಮೀನು ಬಂದವು. ಶೂರ್ಮನ್ ತನ್ನ ಕೊನೆಯ ತೊಟ್ಟಿ ಖಾಲಿ ಮಾಡಿದ, ಅದರಲ್ಲಿದ್ದದ್ದೆಲ್ಲ ನಮಗೆ. ಏಳು ಗಪ್ಪಿ, ಮರಳು ಕೆದಕುವ ಮೀಸೆಯ ಪುಟ್ಟ ಬೆಕ್ಕುಮೀನು ನಾಲ್ಕು. ಹನ್ನೊಂದಾಯಿತು. ಒಂದು ಜಾಸ್ತಿ. ಅವನಿಗೆ ಬೇಡ ಎನ್ನಲಾಗಲಿಲ್ಲ. ಮೀನಿನ ಚೀಲವನ್ನು ಕೋಟಿನೊಳಗೆ ಇಟ್ಟುಕೊಂಡು ಕುಂಟುತ್ತಾ ಮೂರು ಬೀದಿ ನಡೆದು ಬಂದಿದ್ದ. ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಸಿ ಅರ್ಧ ಗಂಟೆ ಕಾದೆವು. ಬಿಡುವಾಗ ಅವನು ಗೋಡೆ ಕಡೆ ತಿರುಗಿ ನಿಂತಿದ್ದ. ಬಿಯರ್ ಕೊಟ್ಟೆ. ಕುಡಿದ.

ಅಪ್ಪ ಈಗ ಬೆಳಗಿನ ಪಾಳಿ ಮುಗಿಸಿ ಬಂದು, ಊಟಕ್ಕೂ ಮೊದಲು ನಿನ್ನ ಕುರ್ಚಿಯಲ್ಲಿ ಕೂರುತ್ತಾನೆ. ರೆಪ್ಪೆಯ ಅಂಚಿನಲ್ಲಿ ಕಲ್ಲಿದ್ದಲ ಮಸಿ ಹಾಗೇ ಇರುತ್ತದೆ. ಬೆಕ್ಕುಮೀನಿನ ಜೊತೆ ಮಾತಾಡುತ್ತಾನೆ. "ಅಗೆ ಮಗನೇ, ಅಗೆ. ನೀನು ಅಗೆಯೋದು ನಾನು ನೋಡೋದು. ಇಂಥ ಪಾಳಿ ನನಗೆ ಯಾವತ್ತೂ ಸಿಕ್ಕಿರ್ಲಿಲ್ಲ" ಎನ್ನುತ್ತಾನೆ. ನಿನ್ನೆ ಇಪ್ಪತ್ತು ನಿಮಿಷ ಮಾತಾಡಿದ. ನನ್ನ ಹತ್ತಿರ ಇಪ್ಪತ್ತು ನಿಮಿಷ ಮಾತಾಡಿದ್ದು ಯಾವಾಗ ಎಂದು ನೆನಪಿಲ್ಲ.

ನನಗೆ ಮಾತ್ರ ಚಿಂತೆ ತಪ್ಪಿಲ್ಲ. ಒಂದು ಹೆಣ್ಣು ಗಪ್ಪಿ ಮೂಲೆಯಲ್ಲೇ ನಿಲ್ಲುತ್ತದೆ. ಅದಕ್ಕೆ ಊಟ ಸಿಗುತ್ತದೋ ಇಲ್ಲವೋ ಎಂದು ಅದರ ಮೂಗಿನ ಮುಂದೆಯೇ ಉದುರಿಸುತ್ತೇನೆ. ಆಗ ಅದು ಇನ್ನೂ ದೂರ ಹೋಗುತ್ತದೆ. ನೀನು ಸರಿಯಾಗಿ ಊಟ

ಮೇಲಿನ ಸಾಲು ಬಿಟ್ಟುಬಿಡು. ಅಳಿಸಿದರೆ ಕಾಗದ ಹರಿಯುತ್ತದೆ.

ನಿನ್ನ ಅಮ್ಮ

ಹೆರ್ನೆ, ೧೮ ನವೆಂಬರ್ ೧೯೭೯

ಮಾರ್ಲಿಸ್,

ನನ್ನಿಂದ ತಪ್ಪಾಗಿದೆ. ಮೀನು ಸಾಯುತ್ತಿವೆ.

ಸೋಮವಾರ ನಡೆದದ್ದು. ಸೋಮವಾರ ಬಿಳಿ ಬಟ್ಟೆ ಕುದಿಸುವ ದಿನ ಎಂದು ನಿನಗೆ ಗೊತ್ತು. ಹಂಡೆ ಒಲೆಯ ಮೇಲಿತ್ತು, ಹಾಸಿಗೆ ಬಟ್ಟೆ, ಅಪ್ಪನ ಅಂಗಿ, ಪರದೆ ಎಲ್ಲ ಕುದಿಯುತ್ತಿತ್ತು. ಊಟ ಹಾಕಲು ಹೋದವಳು ಫಿಲ್ಟರಿನ ಸ್ಪಂಜು ನೋಡಿದೆ. ಬಂದಾಗ ನೀಲಿಯಾಗಿತ್ತು. ಈಗ ಕಂದು, ಮುಟ್ಟಿದರೆ ಜಾರುತ್ತದೆ, ಮೂಸಿದರೆ ಕೆರೆಯ ವಾಸನೆ. ಇಷ್ಟು ಹೊಲಸು ಇಟ್ಟುಕೊಂಡು ಆ ಜೀವಗಳು ಹೇಗಿರಬೇಕು ಅನ್ನಿಸಿತು. ಮಾರ್ಲಿಸ್, ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಕೈ ತಾನಾಗಿ ಹೋಯಿತು. ತೆಗೆದುಕೊಂಡು ಹೋಗಿ ಹಂಡೆಗೆ ಹಾಕಿದೆ. ಹಾಸಿಗೆ ಬಟ್ಟೆಯ ಜೊತೆ ಇಪ್ಪತ್ತು ನಿಮಿಷ ಕುದಿಸಿ, ಏಳು ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಿಡಿದು ನೋಡಿದೆ. ಹೊಸದರ ಹಾಗೆ ಆಗಿತ್ತು. ಹೆಮ್ಮೆಯಿಂದ ಮತ್ತೆ ಹಾಕಿದೆ. ಅಪ್ಪನನ್ನು ಕರೆದು ತೋರಿಸಿದೆ ಕೂಡ.

ಗುರುವಾರ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಶುಕ್ರವಾರ ಎರಡು ಗಪ್ಪಿ ಹೋದವು. ನಿನ್ನೆ ಮತ್ತೊಂದು. ಇವತ್ತು ಮೂಲೆಯಲ್ಲಿ ನಿಲ್ಲುತ್ತಿದ್ದ ಹೆಣ್ಣು.

ಶೂರ್ಮನ್‌ನನ್ನು ಅಪ್ಪ ಕರೆದುಕೊಂಡು ಬಂದ. ಅವನು ಒಂದು ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧದ ಹನಿ ಹಾಕಿದ. ನೀರು ಕೆಂಪಾಯಿತು. ಕೆಂಪೆಂದರೆ ವಿಷ.

"ಏನಾದ್ರೂ ತೊಳೆದ್ಯಾ?" ಎಂದು ಕೇಳಿದ.

"ಸ್ಪಂಜು."

"ಯಾವ ನೀರಲ್ಲಿ?"

"ಕುದಿಸ್ದೆ. ಸೋಡಾಪುಡಿ ಹಾಕಿ."

ಮುದುಕ ನಿನ್ನ ಮಂಚದ ಮೇಲೆ ಕೂತುಬಿಟ್ಟ. "ತಾಯೀ, ಎಂಟು ವಾರ ಕಾದು ಒಂದು ಊರು ಕಟ್ಟಿದ್ದೆ ನೀನು. ಅದನ್ನ ಅಂಗಿ ಜೊತೆ ಕುದಿಸ್ಬಿಟ್ಯಾ? ನಲವತ್ತು ವರ್ಷ ಸಂಘದಲ್ಲಿದ್ದೀನಿ. ಗಣಿಯವನ ಹೆಂಡ್ತಿ ಒಬ್ಬಳು ಬಿಟ್ರೆ ಇದು ಯಾರ ತಲೇಗೂ ಹೊಳೆಯಲ್ಲ."

ಬೈದ ಹಾಗಿರಲಿಲ್ಲ ಅದು. ಬೈದಿದ್ದರೆ ವಾಸಿ ಇತ್ತು.

ಬೇರೆ ಹಳೆಯ ತೊಟ್ಟಿಯ ಸ್ಪಂಜು ಒಂದು ಚೂರು ಸಿಕ್ಕಿ ಇದರೊಳಗೆ ಹಿಂಡಿದರೆ ಜೀವಾಣು ಬೇಗ ಹತ್ತಿಕೊಳ್ಳುತ್ತವಂತೆ. ಅವನ ಫಿಲ್ಟರುಗಳೆಲ್ಲ ಒಣಗಿ ತಿಂಗಳಾಗುತ್ತ ಬಂತು. ಸಂಘದವರ ತೊಟ್ಟಿಗಳಿಗೆಲ್ಲ ಈ ಸಲದ ಪ್ರದರ್ಶನದಿಂದ ಬಿಳಿಚುಕ್ಕೆ ರೋಗ ಬಂದಿದೆ. ಯಾರೂ ಯಾರಿಗೂ ಒಂದು ಹನಿ ನೀರೂ ಕೊಡುವಂತಿಲ್ಲ.

ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೆಂದರೆ, ಇವತ್ತು ಆ ಹೆಣ್ಣು ಮೀನನ್ನು ಬಲೆಯಲ್ಲಿ ಎತ್ತುವಾಗ ನಿನ್ನ ಉಪ್ಪಿನಕಾಯಿ ಜಾಡಿ ನೆನಪಾಯಿತು. ನೀನು ಹನ್ನೊಂದು ವರ್ಷದವಳು. ಕಾಲುವೆ ಪಕ್ಕದ ಹೊಂಡದಿಂದ ತಂದು ಕಿಟಕಿಯಲ್ಲಿ ಇಟ್ಟಿದ್ದೆ, ನೀರಿನ ಚಿಗಟ, ಬಸವನಹುಳು, ಏನೇನೋ. ನೀನು ಶಾಲೆಗೆ ಹೋದಾಗ ಅದನ್ನು ಬಚ್ಚಲಿಗೆ ಸುರಿದು ಜಾಡಿ ತೊಳೆದು ಒರೆಸಿ ಅಲ್ಲೇ ಇಟ್ಟೆ. ನೀನು ಬಂದು ಖಾಲಿ ಜಾಡಿ ನೋಡಿದೆ. ಅಳುತ್ತೀಯಾ ಎಂದು ಕಾದೆ. ಅಳಲಿಲ್ಲ. ಅವತ್ತಿಂದ ನೀನು ನಿನ್ನ ಕೋಣೆಯ ಬಾಗಿಲು ಮುಚ್ಚಲು ಶುರುಮಾಡಿದೆ.

ಬೋಹುಮ್ ಆಸ್ಪತ್ರೆಯಲ್ಲಿಯೂ ಹಾಗೇ ಆಯಿತಲ್ಲ. ನೀನು ಬಿಳಿಚಿಕೊಂಡಿದ್ದೆ, ರಾತ್ರಿ ಪಾಳಿ ಒಗ್ಗುತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಟ್ರಾಮ್ ಹತ್ತಿ ಹೋಗಿ ನಿಮ್ಮ ಮುಖ್ಯ ನರ್ಸಮ್ಮನ ಮುಂದೆ ನಿಂತು ನನ್ನ ಮಗಳಿಗೆ ರಾತ್ರಿ ಪಾಳಿ ಹಾಕಬೇಡಿ ಎಂದೆ. ಕೈಯಲ್ಲಿ ಸೂಪಿನ ಪಾತ್ರೆ ಬೇರೆ. ಒಳ್ಳೆಯದಕ್ಕೇ ಎಂದು ಮಾಡಿದ್ದು. ಸ್ಪಂಜನ್ನು ಕುದಿಸಿದ್ದೂ ಒಳ್ಳೆಯದಕ್ಕೇ.

ಇನ್ನು ಮೂರು ಗಪ್ಪಿ ಇವೆ. ಬೆಕ್ಕುಮೀನು ನಾಲ್ಕೂ ಇವೆ, ಆದರೆ ಅಗೆಯುವುದನ್ನು ಬಿಟ್ಟಿವೆ. ಏನು ಮಾಡಲಿ ಹೇಳು.

ಅಮ್ಮ

ಕೀಲ್, ೨೧ ನವೆಂಬರ್ ೧೯೭೯

ಅಮ್ಮ,

ಮೊದಲು ಮಾಡಬೇಕಾದ್ದು. ದಿನಾ ಮೂರರಲ್ಲಿ ಒಂದು ಪಾಲು ನೀರು ತೆಗೆ. ಹಿಂದಿನ ದಿನವೇ ಹಿಡಿದಿಟ್ಟ ನೀರನ್ನು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ನಿಧಾನವಾಗಿ ಹಾಕು. ಊಟ ಹಾಕಬೇಡ. ಹಸಿವಿನಿಂದ ಅವು ಸಾಯುವುದಿಲ್ಲ, ನಿನ್ನ ಊಟದಿಂದ ಸಾಯುತ್ತವೆ. ಸ್ಪಂಜು ಎಷ್ಟೇ ಕಂದಾದರೂ ಮುಟ್ಟಬೇಡ. ಮುಂದೆ ಎಂದಾದರೂ ತೊಳೆಯಲೇಬೇಕಾಗಿ ಬಂದರೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಬೇಕು, ಅಷ್ಟೇ.

ಕಾಗದ ಓದಿ ಆಂಟ್ಯೆ ನಕ್ಕಳು. ಅವಳು ನನ್ನ ಜೊತೆ ಇರುವವಳು, ಅದೇ ಆಸ್ಪತ್ರೆಯಲ್ಲಿ ಕೆಲಸ. ನಾನೂ ನಕ್ಕೆ. ಆಮೇಲೆ ಜಾಡಿಯ ಭಾಗ ಬಂತು, ಕಾಗದ ಮಡಚಿಟ್ಟು ಕೆಲಸಕ್ಕೆ ಹೋದೆ. ವಾಪಸ್ ಬಂದು ಓದಿದೆ.

ಆ ಜಾಡಿ ನಿನಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಬಗ್ಗೆ ನೀನು ಬರೆದಿದ್ದೀಯ, ಆದ್ದರಿಂದ ನಾನೂ ಒಂದು ಸಲ ಬರೆಯುತ್ತೇನೆ. ನೀನು ಹೋದಮೇಲೆ ಮುಖ್ಯ ನರ್ಸ್ ಇಡೀ ವಾರ್ಡಿನ ಮುಂದೆ, "ನಮ್ಮ ಪಾಪುವಿಗೆ ಸೂಪು ಬಂದಿದೆ" ಎಂದಳು. ಅಲ್ಲಿಂದ ಮುಂದೆ ನಾನು ಪಾಪು. ರೋಗಿಗಳೂ ಪಾಪು ಎನ್ನತೊಡಗಿದರು. ಎರಡು ತಿಂಗಳು ತಡೆದೆ. ನನಗೆ ರಾತ್ರಿ ಪಾಳಿ ಇಷ್ಟ ಅಮ್ಮ. ಆಗಲೂ ಇಷ್ಟವಿತ್ತು. ವಾರ್ಡು ಮಲಗಿರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಬಿಳಿಚಿಕೊಂಡಿದ್ದೆನಾದರೆ ಅದು ಹಗಲಿನಿಂದ.

ಇಷ್ಟು ಸಾಕು.

ಇಷ್ಟೆಲ್ಲ ಹೇಗೆ ಗೊತ್ತು ಎಂದು ಹಿಂದೊಮ್ಮೆ ನೀನು ಕೇಳಿದ್ದೆ. ನನ್ನ ಹತ್ತಿರವೂ ಒಂದು ತೊಟ್ಟಿ ಇದೆ. ಮಾರ್ಚ್‌ನಿಂದ. ಅರವತ್ತು ಲೀಟರ್. ರೋಗವಿಲ್ಲ. ಸ್ಪಂಜು ಕಪ್ಪಗಿದೆ, ನೀನು ನೋಡಿದರೆ ಮೂರ್ಛೆ ಹೋಗುತ್ತೀಯ. ಅದರಲ್ಲಿ ಅರ್ಧ ನಿನಗೆ ಸಾಕಾಗುತ್ತಿತ್ತು. ಆದರೆ ಅದನ್ನು ಅಂಚೆಯಲ್ಲಿ ಕಳಿಸಲು ಬರುವುದಿಲ್ಲ, ಎರಡು ದಿನ ಡಬ್ಬಿಯಲ್ಲಿದ್ದರೆ ಉಸಿರು ಕಟ್ಟಿ ಸಾಯುತ್ತದೆ.

ಮಾರ್ಲಿಸ್

ಹೆರ್ನೆ, ೨೫ ನವೆಂಬರ್ ೧೯೭೯

ಪ್ರೀತಿಯ ಮಾರ್ಲಿಸ್,

ನೀನು ಹೇಳಿದಂತೆಯೇ ಮಾಡುತ್ತಿದ್ದೇನೆ. ಬೆಳಿಗ್ಗೆ ನಾಲ್ಕು ಬಕೆಟ್ ಹೊರಗೆ, ನಾಲ್ಕು ಬಕೆಟ್ ಒಳಗೆ. ಬೆಚ್ಚಗಿದೆಯೋ ಎಂದು ಮೊಣಕೈ ಅದ್ದಿ ನೋಡುತ್ತೇನೆ, ನಿನಗೆ ಸ್ನಾನ ಮಾಡಿಸುವಾಗ ನೋಡುತ್ತಿದ್ದ ಹಾಗೆ. ಊಟ ಹಾಕುತ್ತಿಲ್ಲ. ಇದು ಎಲ್ಲಕ್ಕಿಂತ ಕಷ್ಟ. ಡಬ್ಬಿಯನ್ನು ಫ್ರಾವ್ ಪಿಯೊಂಟೆಕ್ ಹತ್ತಿರ ಕೊಟ್ಟಿದ್ದೇನೆ. ಎರಡು ಸಲ ಇಳಿದುಹೋಗಿ ಕೇಳಿದೆ. "ಕೊಡಲ್ಲ, ಹೋಗು" ಅಂದಳು.

ಗುರುವಾರ ಮತ್ತೊಂದು ಗಪ್ಪಿ ಹೋಯಿತು. ಎರಡು ಉಳಿದಿವೆ. ಬೆಕ್ಕುಮೀನು ನಾಲ್ಕೂ ಇವೆ. ಹನಿ ಹಾಕಿದರೆ ಈಗಲೂ ಕೆಂಪು. ನೀರು ಬದಲಿಸಿದ ಕೂಡಲೇ ಸ್ವಲ್ಪ ತಿಳಿ, ಮರುದಿನ ಬೆಳಿಗ್ಗೆ ಮತ್ತೆ ಕೆಂಪು. ಹೀಗೇ ಇನ್ನೊಂದು ತಿಂಗಳು ಅಂತಾನೆ ಶೂರ್ಮನ್, ಅಲ್ಲಿವರೆಗೆ ಅವು ತಡೆದರೆ. ಇವು ಅವನ ಕೊನೆಯ ಮೀನು, ಇದನ್ನು ನಾನು ನೆನೆಯದ ಗಂಟೆ ಇಲ್ಲ.

ನಿನ್ನ ಕಾಗದದ ಕೊನೆಯ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. "ಅಂಚೇಲಿ ಬರಲ್ಲ ಅಂದ್ರೆ ಮತ್ತೆ ಹೇಗೆ ಬರುತ್ತಂತೆ?" ಎಂದು ಕೇಳಿದ. ನಾನು ಕೇಳುತ್ತಿಲ್ಲ. ಅವನು ಕೇಳಿದ್ದು.

ಪಾಪು ಎನ್ನುವ ಮಾತು ತಲೆಯಿಂದ ಹೋಗುತ್ತಿಲ್ಲ. ನಾನು ಕ್ಷಮೆ ಕೇಳಿದರೆ ನೀನು ಪರವಾಗಿಲ್ಲ ಎಂದು ಬರೆಯಬೇಕಾಗುತ್ತದೆ, ಅದು ನಿನ್ನ ಮೇಲೆ ಇನ್ನೊಂದು ಹೊರೆ. ಆದ್ದರಿಂದ ಸುಮ್ಮನೆ ಹೇಳುತ್ತೇನೆ. ತಪ್ಪು ನನ್ನದು. ನೀನು ಏನೂ ಬರೆಯಬೇಡ.

ಇನ್ನೊಂದು ವಿಷಯ ಮುಚ್ಚಿಡಬಾರದು. ಅಕ್ಟೋಬರಿನಲ್ಲಿ ದೊಡ್ಡ ಅಂಚೆ ಕಚೇರಿಗೆ ಹೋಗಿದ್ದೆ. ಅಲ್ಲಿ ಎಲ್ಲ ಊರಿನ ಫೋನ್ ಪುಸ್ತಕ ಇರುತ್ತದೆ. ಕಾರ್ಡಿನಲ್ಲಿ ಹಾರ್ಮ್‌ಸೆನ್ ಎಂದು ಮನೆಯವರ ಹೆಸರು ಬರೆದಿದ್ದೆಯಲ್ಲ, ಅದನ್ನು ಹಿಡಿದು ಹುಡುಕಿದೆ. ನಂಬರು ಸಿಕ್ಕಿತು. ಚೀಟಿಯಲ್ಲಿ ಬರೆದು ಹೊಲಿಗೆಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಫೋನ್ ಮಾಡಿಲ್ಲ, ಆದರೆ ದಿನಾ ಡಬ್ಬಿ ತೆಗೆದು ನೋಡುತ್ತಿದ್ದೆ. ಈ ಮೀನು ಸಾಯತೊಡಗಿದ ದಿನ ರಿಸೀವರ್ ಎತ್ತಿ ಮೂರು ಅಂಕಿ ತಿರುಗಿಸಿಯೂ ಇದ್ದೆ.

ನಿನ್ನೆ ಆ ಚೀಟಿಯನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಓದಲೂ ಇಲ್ಲ, ಒಲೆಯ ಬಾಗಿಲು ತೆಗೆದು ಹಾಕಿದ. ನಂಬರು ನನಗೆ ಬಾಯಿಪಾಠ ಆಗಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಕೊನೆಯ ಎರಡು ಅಂಕಿ ಮರೆತಿದೆ. ನಿಜವಾಗಿ ಮರೆತಿದೆ.

ನಿನ್ನ ಅಮ್ಮ

ಕೀಲ್, ೨೮ ನವೆಂಬರ್ ೧೯೭೯

ಅಮ್ಮ,

ಶನಿವಾರ, ಒಂದನೇ ತಾರೀಕು, ಮಧ್ಯಾಹ್ನ ಎರಡೂವರೆಯ ಗಾಡಿಗೆ ಬರುತ್ತೇನೆ. ಸ್ಪಂಜಿನ ಅರ್ಧ ಫ್ಲಾಸ್ಕಿನಲ್ಲಿ ಬರುತ್ತದೆ, ನಮ್ಮ ತೊಟ್ಟಿಯ ನೀರಿನ ಜೊತೆ. ಐದು ಗಂಟೆಯ ದಾರಿ, ಆಗಾಗ ಮುಚ್ಚಳ ತೆಗೆದರೆ ತಡೆಯುತ್ತದೆ. ಭಾನುವಾರ ಸಂಜೆ ವಾಪಸ್ಸು. ಸೋಮವಾರದಿಂದ ರಾತ್ರಿ ಪಾಳಿ.

ಮೂರು ಮಾತು. ಸ್ಟೇಷನ್ನಿಗೆ ಬರಬೇಡ, ದಾರಿ ಗೊತ್ತಿದೆ. ಅಡುಗೆ ಏನಾದರೂ ಇರಲಿ, ವಿಶೇಷ ಬೇಡ. ಕೋಣೆ ತೊಳೆಯಬೇಡ.

ಅವತ್ತಿನ ನೀರನ್ನು ಬೆಳಿಗ್ಗೆಯೇ ಬದಲಿಸಿಡು.

ಮಾರ್ಲಿಸ್

ಹೆರ್ನೆ, ೯ ಡಿಸೆಂಬರ್ ೧೯೭೯

ಪ್ರೀತಿಯ ಮಾರ್ಲಿಸ್,

ಹನಿ ಹಾಕಿ ನೋಡಿದೆವು. ಹಳದಿ! ಮೊನ್ನೆ ಸ್ವಲ್ಪ ಕಿತ್ತಳೆಯಿತ್ತು, ಇವತ್ತು ಹಳದಿ, ವಿಷವಿಲ್ಲ. ಶೂರ್ಮನ್ ಕೊಳವೆಯನ್ನು ಕಿಟಕಿಗೆ ಹಿಡಿದು ಮೂರು ಸಲ ನೋಡಿ, "ನಿನ್ನ ಮಗಳನ್ನ ಸಂಘಕ್ಕೆ ಸೇರಿಸ್ಕೋತೀವಿ. ನಿನ್ನನ್ನಲ್ಲ" ಅಂದ. ಬೆಕ್ಕುಮೀನು ನಾಲ್ಕೂ ಮತ್ತೆ ಅಗೆಯುತ್ತಿವೆ. ಗಪ್ಪಿ ಎರಡೂ ಇವೆ, ಉಳಿದ ಎರಡೂ ಗಂಡೇ, ಅದೊಂದು ಪೇಚು. ಫ್ರಾವ್ ಪಿಯೊಂಟೆಕ್ ಊಟದ ಡಬ್ಬಿ ವಾಪಸ್ ಕೊಟ್ಟಳು, ವಾರಕ್ಕೆ ಐದೇ ದಿನ ಎಂದು ಪ್ರಮಾಣ ಮಾಡಿಸಿಕೊಂಡು.

ನೀನು ಹೋಗಿ ಒಂದು ವಾರ. ನಾನು ಆ ಶನಿವಾರವನ್ನೇ ದಿನಾ ಮತ್ತೆ ಮತ್ತೆ ನೋಡುತ್ತಿದ್ದೇನೆ. ಸ್ಟೇಷನ್ನಿಗೆ ಬರಲಿಲ್ಲ ನಾನು, ನೋಡಿದೆಯಲ್ಲ. ಎರಡೂವರೆಯಿಂದ ಮೂರು ಗಂಟೆಯವರೆಗೆ ಅಡುಗೆಮನೆಯ ಕುರ್ಚಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಅಪ್ಪ ಮಾತ್ರ "ತಂಬಾಕು ತರ್ತೀನಿ" ಎಂದು ಹೊರಟ, ತಂಬಾಕಿನ ಅಂಗಡಿ ಸ್ಟೇಷನ್ನಿನ ಎದುರು ಇದ್ದರೆ ಅವನ ತಪ್ಪೇ?

ರೈಲಿನಲ್ಲಿ ಆ ಅಜ್ಜ ನಿನ್ನ ಫ್ಲಾಸ್ಕು ನೋಡಿ ಒಂದು ಗುಟುಕು ಕಾಫಿ ಕೊಡು ಮಗಳೇ ಎಂದದ್ದನ್ನು ಅಪ್ಪ ಗಣಿಯಲ್ಲಿ ಎಲ್ಲರಿಗೂ ಹೇಳಿದ್ದಾನೆ. ಅವನು ಹೇಳುವಾಗ ಅಜ್ಜ ಕುಡಿದೇಬಿಡುತ್ತಾನೆ.

ತೊಟ್ಟಿಯ ಮುಂದೆ ನೀನು ಅಂಗಿಯ ತೋಳು ಮಡಚಿದಾಗ ನಾನು ಹಿಂದೆ ನಿಂತಿದ್ದೆ.

"ಕೈ ಯಾಕಮ್ಮ ಹಿಂದೆ ಕಟ್ಕೊಂಡಿದ್ದೀಯ?" ಎಂದು ನೀನು ಕೇಳಿದೆ.

"ಸುಮ್ನೆ."

"ನೀನೇ ಹಿಂಡು."

ನಾನು ಬೇಡ ಎಂದೆ. ನೀನು ಆ ಕಪ್ಪು ಚೂರನ್ನು ನನ್ನ ಅಂಗೈಗೆ ಇಟ್ಟೆ. ಕೆರೆಯ ವಾಸನೆ. ನೀರಿನೊಳಗೆ ಇಟ್ಟು ಹಿಂಡಿದೆ, ಕಂದು ಮೋಡ ಹೊರಟು ತೊಟ್ಟಿಯ ತುಂಬ ಹರಡಿತು, ಮೀನುಗಳೇ ಕಾಣಲಿಲ್ಲ. ಇಪ್ಪತ್ತೆರಡು ವರ್ಷ ನಾನು ಪರದೆಯಿಂದ ತೆಗೆಯುತ್ತ ಬಂದ ಬಣ್ಣ. ನಾನು ಕೈಯನ್ನು ಎರಡೆರಡು ಸಲ ಒರೆಸಿಕೊಂಡದ್ದನ್ನು ನೀನು ನೋಡಿದೆ, ನೋಡಿಲ್ಲದವಳ ಹಾಗೆ ನನ್ನ ಸ್ಪಂಜಿನ ಮೇಲೆ ಇನ್ನೊಂದು ಚೂರನ್ನು ದಾರದಿಂದ ಕಟ್ಟುತ್ತಿದ್ದೆ. "ನಾಳೆ ತಿಳಿಯಾಗುತ್ತೆ" ಎಂದು ನೀನು ಅಂದೆ. ಮರುದಿನ, ಕ್ರಿಸ್‌ಮಸ್ಸಿಗೆ ಕಾಯುವ ಅಡ್ವೆಂಟಿನ ಮೊದಲ ಮೇಣದಬತ್ತಿ ಹಚ್ಚಿ ಹೋಗಿ ನೋಡಿದಾಗ ತಿಳಿಯಾಗಿತ್ತು.

ರಾತ್ರಿ ಪಾಳಿಯ ಬಗ್ಗೆ ನೀನು ಊಟದ ಹೊತ್ತಿಗೆ ಹೇಳಿದೆಯಲ್ಲ, ನಿದ್ದೆ ಬಾರದ ಆ ಮೀನುಗಾರನಿಗೆ ನಿಮ್ಮ ತೊಟ್ಟಿಯ ಕತೆ ಹೇಳುತ್ತೀಯೆಂದು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ, ಅವನಿಗೆ ಯಾವ ಮೀನು ಇಷ್ಟ ಎಂದು. ಇನ್ನೂ ಆರು ಪ್ರಶ್ನೆ ಇದ್ದವು. ಸೂಪಿನ ಜೊತೆ ನುಂಗಿದೆ.

ಕ್ಯಾಲೆಂಡರಿನಲ್ಲಿ ನೀನು ಬರೆದುಹೋದದ್ದನ್ನು ಸೋಮವಾರ ಬೆಳಿಗ್ಗೆ ನೋಡಿದೆ. ನಂಬರು, ಅದರ ಕೆಳಗೆ "ಭಾನುವಾರ ಸಂಜೆ ಆರಕ್ಕೆ, ಬೇರೆ ದಿನ ಬೇಡ." ಇವತ್ತು ಭಾನುವಾರ. ಈಗ ನಾಲ್ಕು ಗಂಟೆ. ಈ ಕಾಗದ ನಿನಗೆ ಸಿಗುವಷ್ಟರಲ್ಲಿ ಮಾತಾಡಿಯಾಗಿರುತ್ತದೆ, ಆದರೆ ಇದನ್ನು ಫೋನಿನಲ್ಲಿ ಹೇಳಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕೋಣೆಯನ್ನು ತೊಳೆದಿಲ್ಲ. ಹಾಸಿಗೆ ನೀನು ಎದ್ದ ಹಾಗೇ ಇದೆ. ತೊಟ್ಟಿಯ ಪಕ್ಕದಲ್ಲಿ ನೀನು ಬಿಟ್ಟುಹೋದ ಕಾಫಿ ಲೋಟವಿದೆ, ತಳದಲ್ಲಿ ಕಾಫಿ ಒಣಗಿ ಕಂದು ಬಳೆಯಂತೆ ಕೂತಿದೆ. ನಾಳೆ ಸೋಮವಾರ, ಹಂಡೆ ಒಲೆಯ ಮೇಲೆ ಏರುತ್ತದೆ. ನಾನು ಆ ಕಡೆ ನೋಡುವುದಿಲ್ಲ. ಲೋಟ ಅಲ್ಲೇ ಇರಲಿ.

ಬಂದಾಗ ನೀನೇ ತೊಳೆದುಕೋ.

ನಿನ್ನ ಅಮ್ಮ